ಹೊಸ ನೀರಿನ ಮರಿಗಳು

ಕಣಕುಂಬಿಯ ಕಾಡಿಗೆ ಮೃಗಶಿರಾ ಮಳೆ ಹೊಡೆದು, ಮಲಪ್ರಭೆ ಕೆಂಪಾಗಿ ಖಾನಾಪುರ ದಾಟುವಾಗ, ತತ್ತಿ ತುಂಬಿದ ಮೀನುಗಳು ಹೊಸ ನೀರಿಗೆ ಎದುರು ಈಜುತ್ತವೆ. ದೊಡ್ಡ ಮೀನೊಂದರ ಹೊಟ್ಟೆಯಲ್ಲಿ ಲಕ್ಷಗಟ್ಟಲೆ ತತ್ತಿ. ಅಷ್ಟೂ ಬದುಕಿದರೆ ಹೊಳೆಯಲ್ಲಿ ನೀರಿಗೇ ಜಾಗವಿರದು!

ಎಷ್ಟು ಬದುಕುತ್ತವೆ ಎಂಬ ಪ್ರಶ್ನೆ ಕಡಲಲ್ಲೂ ಇದೆ. ಉತ್ತರದ ತಣ್ಣನೆಯ ಕಡಲಲ್ಲಿ ಕಾಡ್, ಹೆರಿಂಗ್ ಮೀನುಗಳು ಕೆಲವು ವರ್ಷ ಹೇರಳ, ಕೆಲವು ವರ್ಷ ವಿರಳ. ಏಕೆ? ನಾರ್ವೆಯ ವಿಜ್ಞಾನಿ ಯೋಹಾನ್ ಯೋರ್ಟ್ 1914ರಲ್ಲಿ ಒಂದು ಉತ್ತರ ಮುಂದಿಟ್ಟರು. ಎಷ್ಟು ತತ್ತಿ ಎಂಬುದಕ್ಕಿಂತ, ಎಷ್ಟು ಮರಿ ಉಳಿದವು ಎಂಬುದೇ ಮುಖ್ಯ. ಮರಿಯ ಹೊಟ್ಟೆಗಂಟಿದ ಆಹಾರದ ಭಂಡಾರ, ಹುಟ್ಟುವಾಗ ತಾಯಿ ಕಟ್ಟಿಕೊಟ್ಟ ಬುತ್ತಿಯಂತೆ. ಅದು ತೀರುವಷ್ಟರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಬಾಯಿಗೆ ಸಿಗಬೇಕು. ಒಂದು ಒಳ್ಳೆಯ ವರ್ಷದ ಬಲ ನೋಡಿ: 1904ರಲ್ಲಿ ಹುಟ್ಟಿದ ಹೆರಿಂಗ್ ಪೀಳಿಗೆಯೊಂದೇ ಮುಂದೆ ಎಷ್ಟೋ ವರ್ಷ ನಾರ್ವೆಯವರ ಬಲೆ ತುಂಬಿಸಿತು.

ನಮ್ಮ ಬೆಚ್ಚನೆಯ ನೀರಿನಲ್ಲಿ ಮರಿಗಳಿಗೆ ಈ ಗಡುವು ಇನ್ನೂ ಕಮ್ಮಿ. ರೋಹು ತತ್ತಿ ಒಂದು ದಿನದೊಳಗೇ ಒಡೆಯುತ್ತದೆ. ಸುಮಾರು ಮೂರು ದಿನಕ್ಕೆ ಆ ಭಂಡಾರ ಖಾಲಿ.

ಮೀನು ತತ್ತಿಯಿಡುವ ಈ ಮಳೆಗಾಲದಲ್ಲೇ, ಜೂನ್, ಜುಲೈಯಲ್ಲಿ, ಕರಾವಳಿಯ ಯಾಂತ್ರಿಕ ದೋಣಿಗಳಿಗೆ ನಿಷೇಧ. ಬೆಳಗಾವಿ ಪೇಟೆಗೆ ಕಡಲ ಮೀನು ಕಮ್ಮಿಯಾದಾಗ ನಮ್ಮ ಕಣ್ಣು ಹೊಳೆಯ ಮೇಲೆ ಬೀಳುವುದು ಸಹಜ. ಆದರೆ ಹಳ್ಳ ಹೊಳೆಗೆ ಸೇರುವ ಬಾಯಿಗೇ ಬಲೆ ಕಟ್ಟುವುದು ನನಗೆ ಸರಿಕಾಣದು. ಅಲ್ಲಿ ಆಗ ಸಿಗುವುದು ಬಹುಪಾಲು ತತ್ತಿಯಿಡಲು ಹೊರಟ ಮೀನೇ; ತತ್ತಿಯೇ ಬೀಳದಿದ್ದರೆ ಮರಿ ಉಳಿಯುವ ಮಾತೆಲ್ಲಿ?