ಸಣ್ಣ ಕಾಯಕಕ್ಕೆ ಲೆಕ್ಕದ ಆಸರೆ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಓದಿದ ಉಪನ್ಯಾಸ)

 

ಶ್ರೀಮಠದ ಈ ಮಹೋತ್ಸವಕ್ಕೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಸೀಮೆಗಳಿಂದ ಸದ್ಭಕ್ತರು ನೆರೆದಿರುವರು. ಇವರೊಳಗೆ ಒಕ್ಕಲುತನದವರ ಜೊತೆಗೆ ಸಣ್ಣ ಕಸಬಿನವರೂ ಬಹು ಜನರಿರುವರು. ರಾಮದುರ್ಗದ ಕಡೆಯ ನೇಕಾರರು, ಬೈಲಹೊಂಗಲ ಪೇಟೆಯ ಹತ್ತಿ-ಕಾಳುಕಡಿಗಳ ವ್ಯಾಪಾರಸ್ಥರು, ಎಲ್ಲಮ್ಮನ ಗುಡ್ಡದಲ್ಲಿ ಭಂಡಾರ-ಕುಂಕುಮ-ಬಳೆಗಳ ಅಂಗಡಿ ಹೂಡುವವರು, ಕಿತ್ತೂರಿನ ಹೆದ್ದಾರಿಯ ಬದಿಯಲ್ಲಿ ಖಾನಾವಳಿಯನ್ನೋ ಗಾಡಿ ದುರಸ್ತಿಯನ್ನೋ ನಡೆಯಿಸುವವರು, ಇವರೆಲ್ಲರೂ ದುಡಿಮೆಯಲ್ಲಿ ಯಾರಿಗೂ ಕಡಿಮೆಯವರಲ್ಲ. ಆದರೂ ಹಗಲಿರುಳು ದುಡಿದವನ ಕೈಯಲ್ಲಿ ವರ್ಷದ ಕೊನೆಗೆ ಏನೂ ಉಳಿಯದೆ ಹೋಗುವದನ್ನು ಪ್ರತಿಯೊಂದು ಊರೂ ಕಂಡಿರುವದು. ಇದಕ್ಕೆ ಜನರು ಸಾಮಾನ್ಯವಾಗಿ ಎರಡು ಕಾರಣಗಳನ್ನು ಹೇಳುವರು: ಬಂಡವಾಳ ಸಾಲದು, ದೈವ ಕೂಡಿಬರಲಿಲ್ಲ. ಮೂರನೆಯದೊಂದು ಕಾರಣವಿರುವದು, ಅದರ ವಿಚಾರವೇ ಇಂದಿನ ಉಪನ್ಯಾಸದ ವಿಷಯವಾಗಿದೆ.

ದೊಡ್ಡ ಗಿರಣಿಯ ಒಡೆಯನು ತಾನೇ ಎಲ್ಲವನ್ನೂ ಬಲ್ಲವನಾಗಿರುವದಿಲ್ಲ. ಅವನಲ್ಲಿ ಲೆಕ್ಕ ಬರೆಯುವವನು ಬೇರೆ, ಕಾಯಿದೆ ತಿಳಿದ ವಕೀಲನು ಬೇರೆ, ಮಾಲಿನ ಗುಣವನ್ನು ಪರೀಕ್ಷಿಸುವವನು ಬೇರೆ, ಯಾವ ಪೇಟೆಯಲ್ಲಿ ಯಾವ ಧಾರಣೆಯಿದೆಯೆಂದು ತಿಳಿದು ಹೇಳುವವನು ಬೇರೆ. ಒಡೆಯನು ಇವರೆಲ್ಲರ ಬುದ್ಧಿಯನ್ನು ಪಗಾರ ಕೊಟ್ಟು ಕೊಂಡುಕೊಳ್ಳುವನು. ಸಣ್ಣ ಕಸಬಿನವನಾದರೋ ಮಗ್ಗದ ಗುಂಡಿಯಲ್ಲಿ ಕುಳಿತು ಇಷ್ಟೂ ಜನರ ಕೆಲಸವನ್ನು ತಾನೊಬ್ಬನೇ ಮಾಡಬೇಕು, ಮಾಡಲಾರದ್ದನ್ನು ಬಿಟ್ಟುಬಿಡಬೇಕು. ಮೊದಲು ಬಿಟ್ಟುಹೋಗುವದು ಲೆಕ್ಕವೇ.

ಒಂದು ದೃಷ್ಟಾಂತವನ್ನು ನೋಡಬಹುದು. ಅಂಕಿಗಳು ಕೇವಲ ತಿಳಿವಳಿಕೆಗಾಗಿ ಹಿಡಿದವು. ಒಬ್ಬ ನೇಕಾರನು ಎರಡು ದಿನಗಳಲ್ಲಿ ಒಂದು ಸೀರೆಯನ್ನು ನೇಯ್ದು 900 ರೂಪಾಯಿಗೆ ಕೊಡುವನು. ನೂಲಿಗೂ ಬಣ್ಣಕ್ಕೂ 560 ರೂಪಾಯಿ ಬಿದ್ದಿತು. ಉಳಿದ 340 ರೂಪಾಯಿ ಲಾಭವೆಂದು ಅವನು ತಿಳಿಯುವನು. ಆದರೆ ನೂಲನ್ನು ಉದ್ದರಿ ತಂದುದಕ್ಕೆ ಬಡ್ಡಿ 30, ಮಗ್ಗದ ದುರಸ್ತಿಯ ಪಾಲು 20. ಇವನ್ನು ಕಳೆದರೆ 290 ಉಳಿಯಿತು. ಇಷ್ಟಕ್ಕೇ ಮುಗಿಯಲಿಲ್ಲ. ಆ ಎರಡೂ ದಿನ ಮನೆಯಾಕೆ ಅರ್ಧರ್ಧ ದಿನ ಕಂಡಿಕೆ ಸುತ್ತಿದಳು. ಆಕೆಯ ದುಡಿಮೆಯೂ ದುಡಿಮೆಯೆಂದು ಎಣಿಸಿದರೆ ಮೂರು ಆಳುದಿನಗಳಾದವು. ಆಳೊಂದಕ್ಕೆ ದಿನಕ್ಕೆ ನೂರು ರೂಪಾಯಿಯೂ ಬೀಳಲಿಲ್ಲ. ಅದೇ ನೇಕಾರನಿಗೆ ಇನ್ನೊಂದು ನಮೂನೆಯ ಸೀರೆಯನ್ನು ಯಾರೋ ಕೇಳಿದ್ದರು. ಅದಕ್ಕೆ ಎರಡೂವರೆ ದಿನ ಹಿಡಿಯುವದೆಂದು ಅವನು ಒಲ್ಲೆನೆಂದನು. ಅದರ ಬೆಲೆ 1,250, ನೂಲು-ಬಣ್ಣಕ್ಕೆ 600, ಬಡ್ಡಿ-ದುರಸ್ತಿಗೆ ಅದೇ 50, ಉಳಿಯುವದು 600. ಕಂಡಿಕೆಯ ಒಂದು ದಿನವನ್ನು ಕೂಡಿಸಿದರೂ ಮೂರೂವರೆ ಆಳುದಿನಗಳು, ಆಳೊಂದಕ್ಕೆ ದಿನಕ್ಕೆ 171 ರೂಪಾಯಿ. ಒಲ್ಲೆನೆಂದವನಲ್ಲಿ ಕೈಚಳಕಕ್ಕೆ ಕೊರತೆಯಿರಲಿಲ್ಲ. ಒಂದು ಹಾಳೆ ಕಾಗದದ ಮೇಲೆ ಈ ನಾಲ್ಕು ಸಾಲುಗಳನ್ನು ಬರೆದು ತೋರಿಸುವವರು ಇರಲಿಲ್ಲ, ಅಷ್ಟೆ. ಇಂಥವನು ಕೊನೆಗೊಂದು ದಿನ ಮಗ್ಗವನ್ನು ಮಾರಿ ಕೂಲಿಗೆ ಹೊರಡುವನು. ಅವನೊಡನೆ ತಲೆಮಾರುಗಳಿಂದ ಬಂದ ಕೈಗುಣವೂ ಮನೆಯಿಂದ ಹೊರಬೀಳುವದು.

ಲೆಕ್ಕವು ಈ ಸೀಮೆಗೆ ಹೊಸದಾದ ವಿದ್ಯೆಯಲ್ಲ. ಬಸವಣ್ಣನವರು ಮೊದಲು ಮಂಗಳವೇಡೆಯಲ್ಲಿ ಕರಣಿಕರಾಗಿದ್ದು ಅನಂತರ ಬಿಜ್ಜಳನ ಭಂಡಾರಿಗಳಾದರೆಂದು ಪುರಾಣಗಳು ಹೇಳುವವು. ಜೇಡರ ದಾಸಿಮಯ್ಯನವರ ಮಗ್ಗವನ್ನೂ ಮೇದಾರ ಕೇತಯ್ಯನವರ ಬಿದಿರನ್ನೂ ನೆನೆಯುವ ಭಕ್ತರು, ಬಸವಣ್ಣನವರ ಕೈಯಲ್ಲಿದ್ದ ಕಂಠವನ್ನು ಅಷ್ಟಾಗಿ ನೆನೆಯುವದಿಲ್ಲವೆಂಬದು ಸೋಜಿಗವೇ ಸರಿ. ಇಲ್ಲಿಯ ವರ್ತಕರ ಮನೆಗಳಲ್ಲಿ ಕೀರ್ದಿ-ಖತಾವಣಿಗಳನ್ನು ಬರೆಯುವ ಪದ್ಧತಿಯು ಬಹು ಕಾಲದಿಂದ ಇದ್ದಿತು. ಹುಡುಗನು ಗುಮಾಸ್ತನ ಪಕ್ಕದಲ್ಲಿ ಕುಳಿತು ದಿನದ ಜಮೆ-ಖರ್ಚುಗಳನ್ನು ಕೀರ್ದಿಗೆ ಹಾಕುವದನ್ನೂ, ಅಲ್ಲಿಂದ ಒಬ್ಬೊಬ್ಬರ ಹೆಸರಿನ ಖಾತೆಗೆ ಏರಿಸುವದನ್ನೂ, ಸಂಜೆಗೆ ತಾಳೆ ನೋಡುವದನ್ನೂ ಕಲಿಯುತ್ತಿದ್ದನು. ದೀಪಾವಳಿಯ ಪಾಡ್ಯಕ್ಕೆ ಹೊಸ ವಹಿಗಳ ಪೂಜೆಯಾಗುತ್ತಿದ್ದಿತು. ಆದರೆ ಈ ವಿದ್ಯೆಯು ಅಂಗಡಿಯ ಕಟ್ಟೆಯನ್ನಿಳಿದು ಮಗ್ಗದ ಮನೆಗೂ ಕುಲುಮೆಗೂ ಬರಲಿಲ್ಲ. ಸಾಲ ಕೊಟ್ಟವನ ವಹಿಯಲ್ಲಿ ಮಾತ್ರ ಲೆಕ್ಕವಿದ್ದು, ಸಾಲಗಾರನ ಬಳಿಯಲ್ಲಿ ಏನೂ ಇರದಿದ್ದಾಗ, ಯಾರ ಮಾತು ಗೆಲ್ಲುವದೆಂಬದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕೊರತೆಯನ್ನು ತುಂಬುವ ಮೊದಲನೆಯ ದೊಡ್ಡ ಪ್ರಯತ್ನವು ದೂರದಲ್ಲೇನೂ ನಡೆಯಲಿಲ್ಲ. ಶಿರಸಂಗಿಯ ಲಿಂಗರಾಜರು ಧಾರವಾಡದಲ್ಲಿ ವೀರಶೈವ ಮಹಾಸಭೆಯ ಮೊದಲನೆಯ ಅಧಿವೇಶನದ ಅಧ್ಯಕ್ಷತೆಯನ್ನು ವಹಿಸಿದ 1904ನೆಯ ಇಸವಿಯಲ್ಲಿಯೇ ಸರಕಾರವು ಸಹಕಾರಿ ಪತ್ತಿನ ಸಂಘಗಳ ಕಾಯಿದೆಯನ್ನು ಮಾಡಿತು. ಮರುವರ್ಷ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಒಕ್ಕಲಿಗರ ಸಹಕಾರಿ ಸಂಘವನ್ನು ಸ್ಥಾಪಿಸಿದರು. ಈ ಸಂಗತಿಯನ್ನು ಅಭಿಮಾನದಿಂದ ಹೇಳುವವರು ಬಹಳ. ಆದರೆ ಹೇಳುವಾಗ ಸಾಲದ ಮಾತನ್ನಷ್ಟೇ ಹೇಳಿ ಮುಗಿಸುವರು. ಆ ಕಾಯಿದೆಯಲ್ಲಿ ಸಾಲಕ್ಕಿಂತಲೂ ಬೆಲೆಯುಳ್ಳ ಒಂದು ಕಲಮು ಇದ್ದಿತು: ಪ್ರತಿಯೊಂದು ಸಂಘದ ಲೆಕ್ಕವನ್ನು ವರ್ಷಕ್ಕೊಮ್ಮೆಯಾದರೂ ರಜಿಸ್ಟ್ರಾರರು ತಪಾಸ ಮಾಡತಕ್ಕದ್ದು, ಇಲ್ಲವೆ ಮಾಡಿಸತಕ್ಕದ್ದು. ಹಳ್ಳಿಯವರು ತಮ್ಮ ಹಣದಿಂದ ಎಂದೂ ಕರೆಯಿಸಲಾರದಿದ್ದ ಲೆಕ್ಕಪರಿಶೋಧಕನು ಈ ಮೂಲಕ ಹಳ್ಳಿಯ ಚಾವಡಿಗೆ ಬಂದನು. ಈ ಮಾರ್ಗವನ್ನು ಜರ್ಮನಿಯವರು ಮೊದಲೇ ತುಳಿದಿದ್ದರು. ಅಲ್ಲಿ ಶುಲ್ಟ್ಸ್ ಡೆಲಿಚ್ ಎಂಬವರು ಪಟ್ಟಣದ ಕಸಬುದಾರರಿಗೂ ರೈಫೈಜನ್ ಎಂಬವರು ಹಳ್ಳಿಗರಿಗೂ ಸಂಘಗಳನ್ನು ಕಟ್ಟಿದ್ದರು. 1889ರ ಜರ್ಮನ್ ಕಾಯಿದೆಯು ಅಂಥ ಸಂಘಗಳಿಗೆಲ್ಲ ಹೊರಗಿನವರಿಂದ ಲೆಕ್ಕತಪಾಸಣೆಯನ್ನು ಕಡ್ಡಾಯ ಮಾಡಿತು. ಸಾಲವೂ ಲೆಕ್ಕವೂ ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳೆಂದು ಅವರು ಅರಿತಿದ್ದರು.

ಹತ್ತಿಯ ವಿಷಯದಲ್ಲಿಯೂ ಹೀಗೆಯೇ ಆಯಿತು. ಸವದತ್ತಿ, ಬೈಲಹೊಂಗಲ, ರಾಮದುರ್ಗಗಳ ಎರೆಭೂಮಿಯಲ್ಲಿ ಬೆಳೆದ ಅರಳೆಯನ್ನು ಪೇಟೆಗೆ ಒಯ್ದವನಿಗೆ ತನ್ನ ಮಾಲು ಯಾವ ತರದ್ದೆಂದು ತಿಳಿಯುತ್ತಿರಲಿಲ್ಲ. ದಲಾಲರು ಕೈವಸ್ತ್ರದ ಕೆಳಗೆ ಬೆರಳು ಹಿಡಿದು ಧಾರಣೆ ಮುರಿಯುವಾಗ ಮಾಲಿನ ಒಡೆಯನು ಪಕ್ಕದಲ್ಲಿ ಮೂಕನಾಗಿ ನಿಂತಿರಬೇಕಾಗಿದ್ದಿತು. ತೂಕದಲ್ಲಿ ಕಡಿತ, ಮುಟ್ಟುವಳಿಯಲ್ಲಿ ಧರ್ಮಾದಾಯದ ಹೆಸರಿನಲ್ಲಿ ಕಡಿತ. 1912ರ ಕಾಯಿದೆಯು ಪತ್ತಿನ ಹೊರತಾದ ಸಹಕಾರಿ ಸಂಘಗಳಿಗೂ ಅವಕಾಶ ಕೊಟ್ಟ ಬಳಿಕ 1917ರಲ್ಲಿ ಗದಗಿನಲ್ಲಿ ಹತ್ತಿ ಮಾರಾಟದ ಸಹಕಾರಿ ಸಂಘವು ಹುಟ್ಟಿತು. ಇಂಥ ಸಂಘದ ಹಿರಿಮೆಯೆಂದರೆ ಬೆಳೆಗಾರರ ಮಾಲನ್ನು ತರಗತಿಯಾಗಿ ವಿಂಗಡಿಸಿ, ಒಂದೆಡೆಗೆ ಕೂಡಿಸಿ, ಬಹಿರಂಗವಾಗಿ ಮಾರುವದು. ತನ್ನ ಅರಳೆಯ ತರವನ್ನು ಅರಿತವನಿಗೆ ಧಾರಣೆ ಕೇಳುವ ಧೈರ್ಯವು ತಾನಾಗಿಯೇ ಬರುವದು. 1939ರ ಮುಂಬಯಿ ಪ್ರಾಂತದ ಪೇಟೆಗಳ ಕಾಯಿದೆಯೂ ತರುವಾಯದ 1966ರ ಕರ್ನಾಟಕದ ಕಾಯಿದೆಯೂ ಬಹಿರಂಗ ಲಿಲಾವು, ಪರವಾನಗಿ ಪಡೆದ ತೂಕದವರು ಮುಂತಾದ ಕಟ್ಟಳೆಗಳನ್ನು ನೆಲೆಗೊಳಿಸಿದವು.

ಜಾತ್ರೆಯ ವ್ಯಾಪಾರದ ಮಾತು ಬೇರೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಗುಡ್ಡದ ಅಂಗಡಿಕಾರನು ಕೆಲವೇ ದಿನಗಳಲ್ಲಿ ವರ್ಷದ ಬಹುಪಾಲನ್ನು ಗಳಿಸಬೇಕು. ಕಿತ್ತೂರಿನಲ್ಲಿಯೂ ಅಕ್ಟೋಬರದ ಉತ್ಸವದ ದಿನಗಳ ಗಿರಾಕಿ ಉಳಿದ ದಿನಗಳಿಗಿಲ್ಲ. ಹಂಗಾಮಿನ ಹಣವನ್ನು ಲಾಭವೆಂದು ತಿಳಿದು ಮದುವೆಗೆ ಮುರಿದವನು ಮಳೆಗಾಲದಲ್ಲಿ ಮಾಲು ಕೊಳ್ಳಲು ಸಾಲ ಮಾಡುವನು. ಇವನಿಗೆ ಬೇಕಾದದ್ದು ಹನ್ನೆರಡು ತಿಂಗಳ ಒಂದು ಅಂದಾಜುಪತ್ರಿಕೆ ಮಾತ್ರ.

ಸ್ವಾತಂತ್ರ್ಯಾನಂತರ ಸರಕಾರವು ಈ ಸೇವೆಯನ್ನು ತನ್ನ ಹೊಣೆಯೆಂದು ಒಪ್ಪಿಕೊಂಡಿತು. 1954ರಲ್ಲಿ ಸಣ್ಣ ಕೈಗಾರಿಕೆಗಳ ಅಭಿವೃದ್ಧಿಗಾಗಿ ಕೇಂದ್ರದ ಸಂಘಟನೆಯೂ ಅದರ ಕೆಳಗೆ ಸಲಹೆ ಕೊಡುವ ಸೇವಾಸಂಸ್ಥೆಗಳೂ, 1955ರಲ್ಲಿ ರಾಷ್ಟ್ರೀಯ ಸಣ್ಣ ಕೈಗಾರಿಕಾ ನಿಗಮವೂ ಹುಟ್ಟಿದವು. ಕರ್ನಾಟಕವು 1976ರಲ್ಲಿ ತಾಂತ್ರಿಕ ಸಲಹೆಗಾಗಿ ಟೆಕ್ಸಾಕ್ ಸಂಸ್ಥೆಯನ್ನು ಸ್ಥಾಪಿಸಿತು; 1978ರಿಂದ ಜಿಲ್ಲಾ ಕೈಗಾರಿಕಾ ಕೇಂದ್ರಗಳು ನಡೆದಿವೆ. 1982ರಲ್ಲಿ ಧರ್ಮಸ್ಥಳದ ಶಿಕ್ಷಣ ಸಂಸ್ಥೆಯು ಸಿಂಡಿಕೇಟ್, ಕೆನರಾ ಬ್ಯಾಂಕುಗಳೊಡನೆ ಕೂಡಿ ಉಜಿರೆಯಲ್ಲಿ ತೆರೆದ ರುಡ್‌ಸೆಟ್ ಸಂಸ್ಥೆಯು ತರುಣರಿಗೆ ಸ್ವಂತ ಉದ್ಯೋಗದ ತರಬೇತಿಯನ್ನು ಕೊಟ್ಟು ಮಾದರಿಯಾಯಿತು. ಧಾರ್ಮಿಕ ಕ್ಷೇತ್ರವೊಂದು ಅನ್ನದಾನದೊಡನೆ ಉದ್ಯೋಗಜ್ಞಾನದ ದಾನಕ್ಕೂ ಕೈಯಿಕ್ಕಿದುದನ್ನು ಮಠಗಳ ಭಕ್ತರು ಲಕ್ಷ್ಯಕ್ಕೆ ತಂದುಕೊಳ್ಳತಕ್ಕದ್ದು.

ಇಷ್ಟೆಲ್ಲ ಇದ್ದರೂ ಕಚೇರಿಗೂ ಮಗ್ಗಕ್ಕೂ ನಡುವಿನ ಅಂತರವು ಹರದಾರಿಗಳಿಂದ ಅಳೆಯತಕ್ಕದ್ದಲ್ಲ. ಬೆಳಗಾವಿಗೆ ಹೋಗಿಬರಲು ಒಂದು ದಿನದ ಮಜೂರಿ ಮುಳುಗುವದು. ಅರ್ಜಿಯ ಭಾಷೆ ತಿಳಿಯದು. ‘ನಾಳೆ ಬಾ’ ಎಂದರೆ ಎರಡನೆಯ ದಿನದ್ದೂ ಮುಳುಗುವದು. ಇದರ ಫಲವಾಗಿ ಕಾಯಿದೆಯು ಕೊಟ್ಟ ಹಕ್ಕು ಕಾಗದದ ಮೇಲೆಯೇ ಉಳಿಯುವದು. 2006ರ ಸಣ್ಣ ಉದ್ದಿಮೆಗಳ ಕಾಯಿದೆಯಂತೆ ಇಂಥವರಿಂದ ಮಾಲು ಕೊಂಡವರು ಹೆಚ್ಚೆಂದರೆ 45 ದಿನಗಳೊಳಗೆ ಹಣ ಸಲ್ಲಿಸಬೇಕು. ತಪ್ಪಿದರೆ ರಿಜರ್ವ್ ಬ್ಯಾಂಕಿನ ಬ್ಯಾಂಕುದರದ ಮೂರು ಪಟ್ಟು ಚಕ್ರಬಡ್ಡಿಯನ್ನು ಕೊಡಬೇಕು. 2020ರಿಂದ ‘ಉದ್ಯಮ್’ ನೋಂದಣಿಯು ಪುಕ್ಕಟೆಯಾಗಿ ದೊರೆಯುವದು. ಬಿಲ್ಲು ಕೊಟ್ಟು ಮಾಲು ಮಾರಿದ ಸಣ್ಣ ತಯಾರಕನು ಇವೆರಡನ್ನು ಅರಿತಿದ್ದರೆ, ಆರು ತಿಂಗಳು ಬಾಕಿಗಾಗಿ ಅಲೆದು ಕೊನೆಗೆ ಅರ್ಧಕ್ಕೆ ಒಪ್ಪಿಕೊಂಡು ಬರುವ ಪ್ರಸಂಗವು ಒದಗದು. ಬಿಲ್ಲೇ ಇಲ್ಲದೆ ಬಾಯಿಮಾತಿನಿಂದ ಕೊಟ್ಟವನಿಗೆ ಮಾತ್ರ ಯಾವ ಕಾಯಿದೆಯೂ ಸುಲಭವಾಗಿ ನೆರವಾಗಲಾರದು.

‘ಲೆಕ್ಕ ಬರೆದರೆ ತೆರಿಗೆಯವರು ಬರುವರು’ ಎಂದು ಅಂಜುವವರುಂಟು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಈ ಅಂಜಿಕೆಯು ಇಮ್ಮಡಿಯಾಯಿತು. ಸಣ್ಣ ವಹಿವಾಟಿನವರಿಗೆ ಕಾಯಿದೆಯಲ್ಲಿಯೇ ವಿನಾಯಿತಿಗಳಿರುವವು. ಅವನ್ನು ಪಡೆಯಬೇಕಾದರೂ ವಹಿವಾಟು ಎಷ್ಟೆಂದು ತೋರಿಸಲು ಲೆಕ್ಕವೇ ಬೇಕು. ಇನ್ನು ಸಲಹೆಗಾರರಲ್ಲಿಯೂ ಎಲ್ಲರೂ ಒಂದೇ ತರದವರಲ್ಲ. ಬ್ಯಾಂಕಿಗೆ ಒಪ್ಪುವಂತೆ ಕಾಗದ ಸಿಂಗರಿಸಿ, ಸಾಲ ಮಂಜೂರಾದ ದಿನವೇ ತಮ್ಮ ಪಾಲನ್ನೆತ್ತಿಕೊಂಡು ಮರೆಯಾಗುವವರೂ ಇರುವರು. ಅದು ಸೇವೆಯಲ್ಲ, ದಲಾಲಿ. ಸಾಲ ತೀರುವವರೆಗೆ ಮೂರು ತಿಂಗಳಿಗೊಮ್ಮೆಯಾದರೂ ಬಂದು ವಹಿ ನೋಡುವವನೇ ನಿಜವಾದ ಸಹಾಯಕನು. ಅಂಥವನಿಗೆ ಯೋಗ್ಯವಾದ ಸಂಭಾವನೆಯನ್ನು ಕೊಡುವದರಲ್ಲಿ ತಪ್ಪಿಲ್ಲ. ಲೆಕ್ಕ ನೋಡುವದೂ ಕಾಯಕವೇ. ಒಬ್ಬನಿಗೆ ಹೊರೆಯಾಗುವ ಸಂಭಾವನೆಯನ್ನು ಇಪ್ಪತ್ತು ಮನೆಗಳು ಕೂಡಿ ಹಂಚಿಕೊಂಡರೆ ಯಾರಿಗೂ ಭಾರವಾಗದು.

ಶಿರಸಂಗಿಯ ಲಿಂಗರಾಜರು 1906ರಲ್ಲಿ ಲಿಂಗೈಕ್ಯರಾಗುವ ಮೊದಲು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಮೀಸಲಾಗಿಟ್ಟರು. ಆ ದಾರಿಯಲ್ಲಿ ಓದಿ ಮುಂದೆ ಬಂದವರಲ್ಲಿ ಇಂದು ಲೆಕ್ಕಪರಿಶೋಧಕರೂ ವಕೀಲರೂ ಬ್ಯಾಂಕಿನ ಅಧಿಕಾರಿಗಳೂ ಇರುವರು. ನಿವೃತ್ತರಾಗಿ ಮನೆಯಲ್ಲಿರುವವರೂ ಇರುವರು. ಅಮಾವಾಸ್ಯೆಗೆ ಭಕ್ತರು ಮಠಕ್ಕೆ ಬರುವದು ರೂಢಿಯಲ್ಲಿಯೇ ಇದೆ. ಅಂದು ದಾಸೋಹದ ಪ್ರಸಾದವಾದ ಬಳಿಕ ಎರಡು ತಾಸು, ಮಠದ ಪಡಸಾಲೆಯಲ್ಲಿ ಒಬ್ಬ ಲೆಕ್ಕದವರೂ ಒಬ್ಬ ಕಾಯಿದೆ ಬಲ್ಲವರೂ ಕುಳಿತುಕೊಳ್ಳಬಹುದು. ಕೇಳಬಂದವನು ನೂಲಿನ ಚೀಟಿಗಳನ್ನೂ ಬ್ಯಾಂಕಿನ ಪುಸ್ತಕವನ್ನೂ ಬಾಕಿಯವರ ಹೆಸರುಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬಂದರೆ ಸಾಕು. ಬರುವ ದೀಪಾವಳಿಯ ಪಾಡ್ಯಕ್ಕೆ ವರ್ತಕರ ವಹಿಗಳೊಡನೆ ನೇಕಾರನದೂ ಬಳೆಗಾರನದೂ ಗಾಡಿ ದುರಸ್ತಿಯವನದೂ ಒಂದೊಂದು ಕೀರ್ದಿ ಪೂಜೆಗೆ ಬರುವಂತಾಗಲು, ಅದಕ್ಕಿಂತ ಮೊದಲಿನ ಅಮಾವಾಸ್ಯೆಗಳಲ್ಲಿಯೇ ಈ ಕೆಲಸಕ್ಕೆ ಆರಂಭವಾಗಬೇಕು.