ಮೂಳೆ ಕಾಣುತ್ತದೆ, ಕಟ್ಟು ಕಾಣುವುದಿಲ್ಲ



ಪಶ್ಚಿಮ ಲಂಡನ್ನಿನಲ್ಲಿ, ಸೌಥಾಲ್‌ನ ಮಗ್ಗುಲಿಗೆ, ಹೇಯ್ಸ್ ಎಂಬ ಊರಿದೆ. ಅಲ್ಲಿನ ಇ.ಎಂ.ಐ. ಕಂಪನಿಯ ಪ್ರಯೋಗಾಲಯದಲ್ಲಿ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಯಂತ್ರವು 1971ರ ಅಕ್ಟೋಬರ್ 1ರಂದು ವಿಂಬಲ್ಡನ್ನಿನ ಅಟ್ಕಿನ್ಸನ್ ಮೋರ್ಲಿ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ತಲೆಯ ಚಿತ್ರ ತೆಗೆಯಿತು. ಹಾಡಿನ ತಟ್ಟೆಗಳನ್ನು ಮಾರಿದ ಲಾಭದಿಂದ ಆ ಯಂತ್ರ ಹುಟ್ಟಿತೆಂಬ ಕಥೆ ಜನಪ್ರಿಯ. ಆದರೆ ಬ್ರಿಟಿಷ್ ಆರೋಗ್ಯ ಇಲಾಖೆಯ, ಅಂದರೆ ತೆರಿಗೆ ಕಟ್ಟುವ ಜನರ ಹಣವೂ ಅದರಲ್ಲಿತ್ತು. ಜನರ ಹಣದಿಂದ ಬೆಳೆದ ಯಂತ್ರ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂದು ತಿಳಿಯುವ ಹಕ್ಕೂ ಜನರಿಗಿದೆ.

ಸಿ.ಟಿ. ನೋಡುವುದು ಸಾಂದ್ರತೆಯನ್ನು. ಹೌನ್ಸ್‌ಫೀಲ್ಡರ ಹೆಸರಿನ ಅಳತೆಯಲ್ಲಿ ನೀರಿಗೆ 0, ಗಾಳಿಗೆ ಮೈನಸ್ 1000. ಗಟ್ಟಿ ಮೂಳೆಯ ಅಂಕ ನೂರಾರು ದಾಟಿ ಸಾವಿರದ ಆಸುಪಾಸಿಗೆ ಏರುತ್ತದೆ. ಆದ್ದರಿಂದ ಮೂಳೆಯ ಕೂದಲೆಳೆಯ ಬಿರುಕೂ ಸ್ಪಷ್ಟ. ಆದರೆ ಸ್ನಾಯು, ಹೆಪ್ಪುಗಟ್ಟಿದ ರಕ್ತ, ಅಸ್ಥಿರಜ್ಜು ಇವುಗಳ ಅಂಕಗಳು ಒಂದಕ್ಕೊಂದು ತೀರ ಹತ್ತಿರ. ಹರಿದ ರಜ್ಜುವೂ ಹರಿಯದ ರಜ್ಜುವೂ ಅಲ್ಲಿ ಒಂದೇ ಬೂದುಬಣ್ಣ.

ಇದು ಸಣ್ಣ ಕೊರತೆಯಲ್ಲ. ಚಪ್ಪರದ ಕಂಬ ಸೀಳಿದರೂ ಹಗ್ಗ ಬಿಗಿಯಾಗಿದ್ದರೆ ಚಪ್ಪರ ನಿಂತೀತು. ಹಗ್ಗವೂ ಕಿತ್ತರೆ ವಾಲುತ್ತದೆ. ಬೆನ್ನುಮೂಳೆಯ ಹಿಂಬದಿಯ ರಜ್ಜುಗಳ ಕಟ್ಟು ಅಂಥ ಹಗ್ಗ. ಷೆಫೀಲ್ಡಿನ ಶಸ್ತ್ರವೈದ್ಯ ಫ್ರಾಂಕ್ ಹೋಲ್ಡ್ಸ್‌ವರ್ತ್ 1963ರಷ್ಟು ಹಿಂದೆಯೇ ಇದರ ಮಹತ್ವವನ್ನು ಒತ್ತಿ ಹೇಳಿದ್ದರು. 2005ರಲ್ಲಿ ಅಲೆಕ್ಸಾಂಡರ್ ವಕ್ಕಾರೊ ಮತ್ತು ಸಂಗಡಿಗರು ಪ್ರಕಟಿಸಿದ ಅಂಕಪದ್ಧತಿಯಲ್ಲಿ, ನರಕ್ಕೆ ಪೆಟ್ಟಾಗದ ಸ್ಫೋಟಕ ಮುರಿತಕ್ಕೆ 2 ಅಂಕ. ಕಟ್ಟು ಗಟ್ಟಿಯಾಗಿದ್ದರೆ ಅಷ್ಟೇ, ಶಸ್ತ್ರಚಿಕಿತ್ಸೆ ಬೇಡ. ಕಟ್ಟು ಹರಿದಿದ್ದರೆ ಇನ್ನೂ 3 ಸೇರಿ 5, ಶಸ್ತ್ರಚಿಕಿತ್ಸೆಯತ್ತ ಒಲವು. ಸಂದೇಹವಿದ್ದರೆ 2 ಸೇರಿ 4. ಎರಡು ದಾರಿಯೂ ತೆರೆದಿರುತ್ತವೆ. ಮೂಳೆಯ ಮುರಿತ ಒಂದೇ. ಕಾಣದ ಕಟ್ಟು ರೋಗಿಯ ಹಣೆಬರಹ ಬದಲಿಸುತ್ತದೆ.

ಹಾಗೆಂದು ಸಿ.ಟಿ. ಕುರುಡಲ್ಲ. ಹಿಂಬದಿಯ ಮುಳ್ಳುಮೂಳೆಗಳ ನಡುವಿನ ಅಂತರ ಹಿಗ್ಗಿದ್ದರೆ, ಕಿರುಕೀಲುಗಳು ಬಾಯಿಬಿಟ್ಟಿದ್ದರೆ, ಒಂದು ಕಶೇರುಕ ಇನ್ನೊಂದರ ಮೇಲಿಂದ ಜಾರಿದ್ದರೆ ರಜ್ಜು ಹರಿದಿದೆಯೆಂದು ಬಲವಾಗಿ ಊಹಿಸಬಹುದು. ಆದರೆ ಈ ಗುರುತುಗಳು ಕಾಣದಿದ್ದಾಗ ಕಟ್ಟು ಗಟ್ಟಿಯೆಂದು ತೀರ್ಮಾನಿಸುವುದು ದುಡುಕು. ಯಂತ್ರದಲ್ಲಿ ರೋಗಿ ಅಂಗಾತ ಮಲಗಿರುತ್ತಾನೆ. ನಿಂತಾಗ ತೆರೆದುಕೊಳ್ಳುವ ಅಂತರ ಮಲಗಿದಾಗ ಮುಚ್ಚಿಕೊಂಡಿರಬಹುದು. ಸಿ.ಟಿ. ನುಡಿದದ್ದು ಸಾಕ್ಷ್ಯ, ಅದರ ಮೌನ ಸಾಕ್ಷ್ಯವಲ್ಲ.

ಎಂ.ಆರ್.ಐ. ರಜ್ಜುವನ್ನೇ ತೋರಿಸುತ್ತದೆ. ಆದರೆ ಅದೂ ದೋಷಮುಕ್ತವಲ್ಲ: ಬರಿಯ ಊತವೂ ಹರಿದಂತೆ ಕಂಡು ಅನಗತ್ಯ ಶಸ್ತ್ರಚಿಕಿತ್ಸೆಗೆ ದಾರಿಯಾಗಬಹುದು. ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿ, ಸಿ.ಟಿ.ಯ ಬಳಿಕ ಬೆನ್ನುಹುರಿಗೆ ಸಂಬಂಧಿಸಿರಬಹುದಾದ ನರದೋಷ ಕಂಡರೆ ವಯಸ್ಕರಿಗೆ ಎಂ.ಆರ್.ಐ. ಮಾಡಬೇಕೆನ್ನುತ್ತದೆ. ನರ ಸರಿಯಿದ್ದು ಕಟ್ಟು ಮಾತ್ರ ಹರಿದವರ ಪಾಲಿಗೆ ವೈದ್ಯರ ಸಂದೇಹವೇ ಆಸರೆ.

ಇಲ್ಲಿಯೇ ವರ್ಗದ ಪ್ರಶ್ನೆ ಏಳುತ್ತದೆ. ಸಾರುವೆಯಿಂದ ಬಿದ್ದ ಕಟ್ಟಡ ಕಾರ್ಮಿಕನೊಬ್ಬನನ್ನು ನೆನೆಯಿರಿ. ಅವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ರಜೆ ಹಾಕಿದರೆ ಕೂಲಿಯಿಲ್ಲ. ‘ಮುರಿತ ಸ್ಥಿರವಾಗಿದೆ’ ಎಂಬ ಒಂದು ಮಾತು ಕೇಳಿ ಅವನು ಬೇಗನೆ ಕೆಲಸಕ್ಕೆ ಮರಳುತ್ತಾನೆ. ಕಟ್ಟು ಹರಿದಿದ್ದರೆ ದಿನಗಳೆದಂತೆ ಬೆನ್ನು ಬಾಗಬಹುದು, ನೋವು ಉಳಿಯಬಹುದು. ಇಂಗ್ಲಿಷ್ ಬಲ್ಲವನು ಮರಳಿ ಪ್ರಶ್ನಿಸಿಯಾನು. ಬಾರದವನ ಮೌನವನ್ನು ಒಪ್ಪಿಗೆಯೆಂದು ಓದಲಾಗುತ್ತದೆ.

ಆದ್ದರಿಂದ ವರದಿಗೆ ‘ಹರಿದಿದೆ’, ‘ಹರಿದಿಲ್ಲ’ ಎಂಬ ಎರಡು ಉತ್ತರಗಳು ಸಾಲವು. ‘ಈ ಚಿತ್ರದಿಂದ ತಿಳಿಯದು’ ಎಂಬ ಮೂರನೆಯದೂ ಬೇಕು. ಅದನ್ನು ರೋಗಿಗೆ ಅವನ ಭಾಷೆಯಲ್ಲಿ ಹೇಳಬೇಕು, ನಿಲ್ಲಿಸಿ ಮತ್ತೆ ಎಕ್ಸ್-ರೇ ತೆಗೆದು ನೋಡಬೇಕು. ಕಟ್ಟಿನ ಸ್ಥಿತಿ ಖಚಿತವಾಗಿದೆಯೇ ಎಂದು ಕೇಳಲು ವೈದ್ಯಕೀಯ ಪದವಿ ಬೇಕಿಲ್ಲ. ಇಂಗ್ಲಿಷ್ ಬಲ್ಲ ನೆರೆಯವರೊಬ್ಬರು ಜೊತೆಗೆ ಹೋಗಿ ಕೇಳಿದರೂ ಸಾಕು.