ಮಾಡಿನ ಸಂದು ಮತ್ತು ಮಲೆನಾಡಿನ ಕಾಡು

(ಬೆಂಗಳೂರು ಉತ್ತರ ಭಾಗದ ಅಬ್ಬಿಗೆರೆಯಲ್ಲಿ ಮಲೆನಾಡಿನ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಾಡಿನ ಬಗ್ಗೆ ಚಿಂತಿಸಲು ಸೇರಿರುವ ಸಭೆಯಲ್ಲಿ ನಾನು ಮಾಡಿನ ಬಗ್ಗೆ, ಅದರಲ್ಲಿಯೂ ಮಾಡಿನ ಸಂದುಗಳ ಬಗ್ಗೆ ಮಾತನಾಡಲು ಹೊರಟಿದ್ದೇನೆ. ಇವೆರಡಕ್ಕೂ ಇರುವ ಸಂಬಂಧವನ್ನು ಮೊದಲು ಹೇಳಿಬಿಡುತ್ತೇನೆ.

ಅಬ್ಬಿಗೆರೆಯಿಂದ ಪೀಣ್ಯದವರೆಗೆ ತಗಡಿನ ಮಾಡಿನ ಶೆಡ್ಡುಗಳು ಹಬ್ಬಿವೆ. ಬೇಸಿಗೆಯಲ್ಲಿ ತಗಡು ಕಾದಾಗ ಅದರಡಿ ನಿಂತು ದುಡಿಯುವುದು ಕಷ್ಟ. ಆದುದರಿಂದ ಇಂತಹ ಕಟ್ಟಡಗಳಿಗೆ ಥರ್ಮೋಕೋಲ್ ಅಥವಾ ಪಫ್ ಹಲಗೆಗಳನ್ನು ಹೊದಿಸಿ, ಒಳಗೆ ಯಂತ್ರಗಳಿಂದ ತಂಪು ಮಾಡುವ ರೂಢಿ ಬೆಳೆದಿದೆ. ಹೂವು, ತರಕಾರಿ, ಹಾಲುಗಳ ಶೀತಲ ಕೋಣೆಗಳೂ ಇದೇ ಹಲಗೆಗಳಿಂದಾದವು. ಆ ಯಂತ್ರಗಳಿಗೆ ಬೇಕಾದ ವಿದ್ಯುತ್ತಿನ ಒಂದು ಪಾಲು ಶರಾವತಿಯಿಂದ ಬರುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಎಷ್ಟು ಊರುಗಳು ಮುಳುಗಿದವೆಂಬುದನ್ನು ನಿಮ್ಮ ಮನೆಯ ಹಿರಿಯರು ಬಲ್ಲರು. ಅದೇ ಕಣಿವೆಯಲ್ಲಿ 2000 ಮೆಗಾವಾಟಿನ ಭೂಗತ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪವೂ ಬಂದಿದೆ. ಇಲ್ಲಿನ ಮಾಡಿನ ಸಂದಿನಲ್ಲಿ ಸೋರಿಹೋಗುವ ತಂಪಿಗೆ ಅಲ್ಲಿನ ಕಾಡು ಬೆಲೆ ತೆರಬೇಕಾಗುತ್ತದೆ. ಆದ ಕಾರಣ ಈ ಸಂದು ನಮ್ಮ ಚರ್ಚೆಯ ವಿಷಯವೇ ಆಗಿದೆ.

ಈ ಹಲಗೆಗಳು ಶಾಖವನ್ನು ತಡೆಯುವುದು ಹೇಗೆ? ಅವುಗಳೊಳಗಿನ ಲಕ್ಷಾಂತರ ಸಣ್ಣ ಗುಳ್ಳೆಗಳಲ್ಲಿ ಗಾಳಿ ಅಥವಾ ಅನಿಲ ಅಲುಗಾಡದೆ ಸೆರೆಯಾಗಿರುತ್ತದೆ. ಅಲುಗಾಡದ ಗಾಳಿ ಶಾಖವನ್ನು ಸುಲಭವಾಗಿ ಸಾಗಿಸದು. ಆದರೆ ಎರಡು ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು ಉಳಿದರೆ ಅಲ್ಲಿ ಗಾಳಿ ಹರಿಯುತ್ತದೆ, ಶಾಖವನ್ನೂ ತೇವವನ್ನೂ ಹೊತ್ತೊಯ್ಯುತ್ತದೆ. ಮಾರುವವರು ಹಲಗೆಯ ದಪ್ಪವನ್ನಷ್ಟೇ ಹೇಳುತ್ತಾರೆ. ಕೊಳ್ಳುವವರು ಸಂದಿನ ವಿಷಯವನ್ನು ಕೇಳುವುದೇ ಇಲ್ಲ.

ತೇವದ ಮಾತನ್ನು ಸ್ವಲ್ಪ ಲೆಕ್ಕದಿಂದ ನೋಡೋಣ. 22 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 19 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. 14 ಡಿಗ್ರಿಯಲ್ಲಿ ಸುಮಾರು 12 ಗ್ರಾಂ ಮಾತ್ರ. ಚಳಿಗಾಲದ ಶುಭ್ರ ರಾತ್ರಿಯಲ್ಲಿ ತಗಡು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಅಡುಗೆಯ ಆವಿ, ಒದ್ದೆ ಬಟ್ಟೆಯ ತೇವ, ನಮ್ಮ ಉಸಿರು ಎಲ್ಲವನ್ನೂ ಹೊತ್ತ ಬೆಚ್ಚನೆಯ ಗಾಳಿ ಮೇಲೇರಿ, ಹಲಗೆಯ ಸಂದಿನಿಂದ ನುಸುಳಿ, ಆ ತಣ್ಣನೆಯ ತಗಡನ್ನು ಮುಟ್ಟಿದೊಡನೆ ನೀರಾಗುತ್ತದೆ. ಮಳೆಯಿಲ್ಲದ ಬೆಳಗ್ಗೆಯೂ ತಗಡಿನ ಮಾಡು ಹನಿಯುವುದಕ್ಕೆ ಇದೇ ಕಾರಣ. ಮೇಲೆ ತೂತು ಹುಡುಕಿ ಡಾಂಬರು ಮೆತ್ತಿದರೆ ಇದು ನಿಲ್ಲದು.

ಶೀತಲ ಕೋಣೆಯಲ್ಲಿ ತೇವದ ಪಯಣ ತಿರುಗುಮುರುಗು. ಹೊರಗಿನ ಬೆಚ್ಚನೆಯ ಗಾಳಿ ಒಳನುಗ್ಗಿ ಸಂದಿನಲ್ಲಿಯೇ ನೀರಾಗುತ್ತದೆ. ಕೊರೆಯುವ ಕೋಣೆಯಾದರೆ ಮಂಜುಗಡ್ಡೆಯಾಗುತ್ತದೆ. ನೀರು ಕುಡಿದ ಹಲಗೆ ಶಾಖವನ್ನು ಸರಿಯಾಗಿ ತಡೆಯದು. ಯಂತ್ರ ಹೆಚ್ಚು ಹೊತ್ತು ಓಡುತ್ತದೆ, ವಿದ್ಯುತ್ ಬಿಲ್ಲು ಬೆಳೆಯುತ್ತದೆ.

ಅಮೆರಿಕದ ಅಲಾಸ್ಕಾ ರಾಜ್ಯದ ಜೂನೋ ನಮ್ಮ ಮಲೆನಾಡಿನಂತೆಯೇ ಬೆಟ್ಟ ಮತ್ತು ಮಳೆಯ ಊರು. ಮರದ ಚಕ್ಕೆಯ ಎರಡು ಹಲಗೆಗಳ ನಡುವೆ ಫೋಮ್ ತುಂಬಿದ ಮಾಡುಗಳು ಅಲ್ಲಿ ಕೆಲವೇ ವರ್ಷಗಳಲ್ಲಿ ಕೊಳೆತುಹೋದ ಪ್ರಕರಣ 2000ರ ದಶಕದ ಆರಂಭದಲ್ಲಿ ಬೆಳಕಿಗೆ ಬಂತು. ಕೊಳೆತದ್ದು ಸಂದುಗಳ ಉದ್ದಕ್ಕೆ. ಮನೆಯೊಳಗಿನ ತೇವದ ಗಾಳಿ ಸಂದಿನಿಂದ ಮೇಲೇರಿ ಹೊರ ಹಲಗೆಯನ್ನು ಕೊಳೆಸಿತ್ತು.

ಹಾಗಾದರೆ ಸಂದು ಮುಚ್ಚುವ ಕ್ರಮವೇನು? ಹಲಗೆಗಳನ್ನು ಎರಡು ಪದರವಾಗಿ ಹಾಸಿ, ಇಟ್ಟಿಗೆ ವರಸೆಯಂತೆ ಮೇಲಿನ ಸಂದು ಕೆಳಗಿನ ಸಂದಿನ ಮೇಲೆ ಬಾರದಂತೆ ಇಡಬೇಕು. ಉಳಿದ ಬಿರುಕುಗಳಿಗೆ ಡಬ್ಬಿಯಿಂದ ಉಬ್ಬುವ ಫೋಮ್ ತುಂಬಬೇಕು. ಅದು ಗಟ್ಟಿಯಾದ ಮೇಲೆ ಮಟ್ಟಸವಾಗಿ ಕೊಯ್ದು, ಧೂಳನ್ನು ಒರೆಸಿ, ಅಲ್ಯೂಮಿನಿಯಂ ಅಥವಾ ಬ್ಯೂಟೈಲ್ ಟೇಪನ್ನು ಒತ್ತಿ ಅಂಟಿಸಬೇಕು. ಪೆಟ್ಟಿಗೆ ಕಟ್ಟುವ ಕಂದು ಟೇಪು ಬಹುಕಾಲ ಬಾಳದು. ಪೆಟ್ರೋಲಿನಂತಹ ದ್ರಾವಕ ಬೆರೆತ ಅಂಟು ಥರ್ಮೋಕೋಲನ್ನೇ ಕರಗಿಸುತ್ತದೆ. ಮಾಡು ಗೋಡೆಯನ್ನು ಕೂಡುವ ಜಾಗ, ಮಾಡಿನ ನೆತ್ತಿ, ಪೈಪು ಮತ್ತು ತಂತಿ ಹಾಯುವ ತೂತುಗಳು, ಇವನ್ನು ಮರೆಯುವವರೇ ಹೆಚ್ಚು. ಆವಿಯನ್ನು ತಡೆಯುವ ಹಾಳೆ ಯಾವಾಗಲೂ ಬೆಚ್ಚನೆಯ ಬದಿಯಲ್ಲಿರಬೇಕು. ಶೀತಲ ಕೋಣೆಗೆ ಅದು ಹೊರಬದಿ. ಕೆಲಸ ಮುಗಿದ ಮೇಲೆ ಗಾಳಿ ಬೀಸುವ ದಿನ ಬಾಗಿಲು ಮುಚ್ಚಿ, ಸಂದುಗಳಿಂದ ತುಸು ದೂರದಲ್ಲಿ ಊದುಬತ್ತಿ ಹಿಡಿಯಿರಿ. ಹೊಗೆ ಎಲ್ಲಿ ಬಾಗುವುದೋ ಅಲ್ಲಿ ಕೆಲಸ ಬಾಕಿಯಿದೆ.

ಇಷ್ಟು ಹೇಳಿದ ಮೇಲೆ, ಊರಿನ ಎಲ್ಲ ಮನೆಗಳಿಗೂ ಫೋಮ್ ಹಾಕಿಸಿರೆಂದು ನಾನು ಹೇಳುತ್ತಿಲ್ಲ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯಿಂದ ಹಬ್ಬಿದ ಹೆಂಚಿನ ಮಾಡು ಸಂದುಗಳಿಂದಲೇ ಉಸಿರಾಡುತ್ತದೆ. ಒಲೆಯ ಹೊಗೆ, ಅಟ್ಟದ ತೇವ ಎಲ್ಲವೂ ಅಲ್ಲಿಂದ ಹೊರಹೋಗುತ್ತವೆ. ಯಂತ್ರದ ತಂಪಿಲ್ಲದ ಅಂತಹ ಮನೆಯನ್ನು ಬಿಗಿಯಾಗಿ ಮುಚ್ಚುವುದು ಅನಗತ್ಯ. ಹೊಗೆಕೊಳವೆಯಿಲ್ಲದ ಸೌದೆ ಒಲೆಯಿದ್ದರೆ ಅದು ಪ್ರಾಣಕ್ಕೇ ಅಪಾಯ. ಮಾಡನ್ನು ಮುಚ್ಚುವವರು ಗೋಡೆಯಲ್ಲಿ ಗಾಳಿಗೆ ಬೇರೆ ದಾರಿಯನ್ನು ಬಿಡಲೇಬೇಕು.

ಫೋಮ್ ಮಣ್ಣಿನಲ್ಲಿ ಕರಗುವ ವಸ್ತುವೂ ಅಲ್ಲ. ಬೆಂಕಿ ತಗುಲಿದರೆ ವಿಷದ ಹೊಗೆಯನ್ನು ಉಗುಳುತ್ತದೆ. ಪಫ್ ಉಬ್ಬಿಸಲು ಬಳಸುತ್ತಿದ್ದ ಎಚ್‌ಸಿಎಫ್‌ಸಿ-141ಬಿ ಎಂಬ ಅನಿಲವು ಓಜೋನ್ ಪದರಕ್ಕೆ ಹಾನಿಕರವಾದುದರಿಂದ ಭಾರತವು 2020ರ ಜನವರಿ 1ರಿಂದ ಅದನ್ನು ಕೈಬಿಟ್ಟಿದೆ. ಇಷ್ಟು ಭಾರವನ್ನು ಭೂಮಿಯ ಮೇಲೆ ಹೊರಿಸಿ ತಂದ ಹಲಗೆಯನ್ನು ಸಂದು ಮುಚ್ಚದೆ ಹಾಕುವುದು ಎರಡು ಬಾರಿ ಹಾಳುಮಾಡಿದಂತೆ.

ಆದುದರಿಂದ ನನ್ನ ಬಿನ್ನಹ ಇಷ್ಟೇ. ತೆರೆದ ಮನೆಯಾದರೆ ತೆರೆದೇ ಇರಲಿ. ನೆರಳಿಗೆ ಮರ ನೆಡಿ. ತಂಪು ಮಾಡಲೇಬೇಕಾದ ಕೋಣೆಯಾದರೆ ಸಂದು ಬಿಡದೆ ಮುಚ್ಚಿ. ಅರೆಬರೆ ಮುಚ್ಚಿದ ಮಾಡಿನಿಂದ ಮನೆಗೂ ಲಾಭವಿಲ್ಲ, ಕಾಡಿಗೂ ಲಾಭವಿಲ್ಲ. ವಿದ್ಯಾರ್ಥಿ ಮಿತ್ರರು ತಮ್ಮೂರಿನ ಹಾಲಿನ ಡೈರಿ, ಸಹಕಾರ ಸಂಘದ ಗೋದಾಮುಗಳಲ್ಲಿ ಒಪ್ಪಿಗೆ ಪಡೆದು ಈ ಊದುಬತ್ತಿಯ ಪರೀಕ್ಷೆಯನ್ನು ಮಾಡಿ ನೋಡಲಿ. ಹೊಸ ಅಣೆಕಟ್ಟು ಬೇಡವೆಂದು ಕೇಳುವ ನಮ್ಮ ಮಾತಿಗೆ, ಇರುವ ವಿದ್ಯುತ್ತನ್ನು ಸೋರಗೊಡದ ನಮ್ಮ ನಡತೆಯೇ ಬಲ ಕೊಡುತ್ತದೆ.